ಎಚ್, ಪಿ, ಆರ್, ಎಎಂಆರ್: ನಿಮ್ಮ ಸಮೀಕರಣಕ್ಕೆ ಯಾವ ಮೆಶ್ ಒಗ್ಗುತ್ತದೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯವರಿಗೆ ಕಾಸ್ಟಿಂಗ್ (ಎರಕ) ಆರುವ ಸಿಮ್ಯುಲೇಷನ್ ತೋರಿಸುತ್ತಿದ್ದೆ. ಅಲ್ಲಿನ ಹಿರಿಯ ಮೋಲ್ಡರ್ ಒಬ್ಬರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಸರ, ಇಡೀ ಪೀಸಿಗೆ ಯಾಕ ಇಷ್ಟು ಸಣ್ಣ ಚೌಕ ಹಾಕೀರಿ? ಕಡೀಕ ಆರೋದು ಆ ದಪ್ಪನ ಜಾಗಾ ಅಷ್ಟ. ತೂತು ಬಿದ್ರ ಅಲ್ಲೇ ಬೀಳತೈತಿ."

ಅಡಾಪ್ಟಿವ್ ಮೆಥಡ್ ಅಂದರೆ ಇಷ್ಟೇ. ಶಾಖ, ನೀರು, ಸದ್ದು, ಒತ್ತಡ ಇವೆಲ್ಲ ಪಾರ್ಷಿಯಲ್ ಡಿಫರೆನ್ಷಿಯಲ್ ಸಮೀಕರಣಗಳ ಲೆಕ್ಕ. ಜಾಗ, ಸಮಯ ಬದಲಾದ ಹಾಗೆ ಒಂದು ಬೆಲೆ ಹೇಗೆ ಬದಲಾಗುತ್ತದೆ ಅಂತ ಹೇಳುವ ಸಮೀಕರಣಗಳು ಇವು, ಚಿಕ್ಕದಾಗಿ ಪಿಡಿಇ. ಕಂಪ್ಯೂಟರಿಗೆ ಅದನ್ನು ಕೊಡಬೇಕಾದರೆ ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಒಡೆಯಬೇಕು, ಅದೇ ಮೆಶ್. ಎಲ್ಲಿ ಉತ್ತರ ಗಡಿಬಿಡಿಯಾಗಿ ಬದಲಾಗುತ್ತದೋ ಅಲ್ಲಿ ಹೆಚ್ಚು ಶ್ರಮ ಹಾಕಿ, ಎಲ್ಲಿ ಸುಮ್ನೆ ಇದೆಯೋ ಅಲ್ಲಿ ಕಡಿಮೆ ಹಾಕುವ ಕೆಲಸವನ್ನು ಪ್ರೋಗ್ರಾಮೇ ಲೆಕ್ಕ ನಡೆಯುತ್ತಿರುವಾಗ ಮಾಡಿಕೊಂಡರೆ ಅದು ಅಡಾಪ್ಟಿವ್.

ವಿಟಿಯು ಕಡೆಯ ಎಂಟೆಕ್ ಹುಡುಗರು, ಹುಡುಗಿಯರು ಪ್ರಾಜೆಕ್ಟ್ ಹೊತ್ತಿಗೆ ಬಂದು "ಯಾವ ಮೆಥಡ್ ತಗೊಳ್ಳಲಿ ಸರ್" ಅಂತ ಕೇಳುತ್ತಾರೆ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಲೆಕ್ಕದಲ್ಲಿ ಕಷ್ಟದ ಜಾಗ ಎಲ್ಲಿದೆ? ಒಂದೇ ಕಡೆ ನಿಂತಿದೆಯಾ, ಓಡಾಡುತ್ತಿದೆಯಾ, ಅಥವಾ ಎಲ್ಲಾ ಕಡೆ ಹರಡಿದೆಯಾ? ಇದಕ್ಕೆ ಉತ್ತರ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಮುಂದೆ ನಾನು ತೆಗೆದುಕೊಳ್ಳುವ ಉದಾಹರಣೆಗಳೂ ಇದೇ ಲೆಕ್ಕದಲ್ಲಿವೆ. ಬೆಳಗಾವಿಯ ಕಾಸ್ಟಿಂಗ್, ಆಲಮಟ್ಟಿಯ ಕೆಳಗಿನ ಕೃಷ್ಣಾ ನದಿ, ವಿಜಯಪುರದ ಗೋಳಗುಮ್ಮಟ.

ಎಲ್ಲಾ ಕಡೆ ಸಣ್ಣ ಮಾಡಿದರೆ ಎಷ್ಟು ಬೀಳುತ್ತದೆ?

1 ಮೀಟರ್ ಉದ್ದ, 1 ಮೀಟರ್ ಅಗಲದ ಒಂದು ತಟ್ಟೆ ಅಂದುಕೊಳ್ಳಿ. ಗಟ್ಟಿಯಾದ ಲೋಹಕ್ಕೂ ದ್ರವಕ್ಕೂ ನಡುವಿನ ಗಡಿ ಸರಿಯಾಗಿ ಕಾಣಬೇಕಾದರೆ 1 ಮಿಲಿಮೀಟರ್ ಸೆಲ್ ಬೇಕು. ಎಲ್ಲಾ ಕಡೆ ಅದೇ ಹಾಕಿದರೆ 10 ಲಕ್ಷ ಸೆಲ್. ಆದರೆ ಆ ಗಡಿ ಸುಮಾರು 1 ಮೀಟರ್ ಉದ್ದದ ಒಂದು ಗೆರೆ, ಅದರ ಸುತ್ತ 10 ಸೆಲ್ ಅಗಲದ ಪಟ್ಟಿ ಸಾಕು. ಅಂದರೆ 10 ಸಾವಿರ ಸಣ್ಣ ಸೆಲ್, ಉಳಿದ ಕಡೆ ದೊಡ್ಡವು. 3ಡಿಗೆ ಹೋದರೆ 100 ಕೋಟಿಗೆ ಎದುರಾಗಿ 1 ಕೋಟಿ. ಒಂದು ಸಾಧಾರಣ ವರ್ಕ್‌ಸ್ಟೇಷನ್‌ನಲ್ಲಿ ಆಗುವ ಕೆಲಸಕ್ಕೂ ಆಗದ ಕೆಲಸಕ್ಕೂ ಇರುವ ವ್ಯತ್ಯಾಸ ಇದು.

ಸಮಯದ ಲೆಕ್ಕ ಇದಕ್ಕಿಂತ ಕಠಿಣ. ಎಕ್ಸ್‌ಪ್ಲಿಸಿಟ್ ಮೆಥಡ್‌ನಲ್ಲಿ (ಈಗಿನ ಬೆಲೆಗಳಿಂದಲೇ ಮುಂದಿನ ಬೆಲೆಯನ್ನು ನೇರ ಲೆಕ್ಕ ಹಾಕುವುದು) ಶಾಖದ ಸಮೀಕರಣ ಬಿಡಿಸುವಾಗ ಸೆಲ್ ಅರ್ಧ ಮಾಡಿದರೆ ಸಮಯದ ಹೆಜ್ಜೆ ಕಾಲು ಭಾಗಕ್ಕೆ ಇಳಿಯಬೇಕು. 2ಡಿಯಲ್ಲಿ ಸೆಲ್ 4 ಪಟ್ಟು, ಹೆಜ್ಜೆ 4 ಪಟ್ಟು, ಒಟ್ಟು 16 ಪಟ್ಟು ಕೆಲಸ. 3ಡಿಯಲ್ಲಿ 32 ಪಟ್ಟು. ಅಲೆಯ ಸಮೀಕರಣಗಳಲ್ಲಿ ಸ್ವಲ್ಪ ವಾಸಿ, ಅಲ್ಲಿ ಸೆಲ್ ಅರ್ಧವಾದರೆ ಹೆಜ್ಜೆಯೂ ಅರ್ಧ. ಈ ಕಟ್ಟುಪಾಡನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಮೂವರೂ 1928ರಲ್ಲೇ ಬರೆದಿಟ್ಟರು. ಆಗ ಕಂಪ್ಯೂಟರೇ ಇರಲಿಲ್ಲ.

ಜಾಗಕ್ಕಿಂತ ಮೊದಲು ಸಮಯ

ತುಂಬಾ ಜನ ಇದನ್ನು ಬಿಟ್ಟು ನೇರ ಮೆಶ್‌ಗೆ ಕೈ ಹಾಕುತ್ತಾರೆ. ನನ್ನ ಸಲಹೆ ಬೇರೆ. ಮೆಶ್ ಮುಟ್ಟುವ ಮೊದಲು ಸಮಯದ ಹೆಜ್ಜೆಯನ್ನು ಅಡಾಪ್ಟಿವ್ ಮಾಡಿ. ಖರ್ಚು ತೀರಾ ಕಡಿಮೆ, ಲಾಭ ಜಾಸ್ತಿ. ಪೈಥಾನ್ ಬಲ್ಲವರಿಗೆ ಸೈಪೈ ಲೈಬ್ರರಿಯಲ್ಲಿ ಸಾಲ್ವ್ ಐವಿಪಿ ಅನ್ನುವ ಫಂಕ್ಷನ್ ಸಿದ್ಧವಾಗಿದೆ. ಜಾಗವನ್ನು ನೀವು ಒಡೆದು ಕೊಡಿ, ಸಮಯವನ್ನು ಅದು ನೋಡಿಕೊಳ್ಳುತ್ತದೆ.

ಆದರೆ ಇಲ್ಲೂ ಒಂದು ಆಯ್ಕೆ ಇದೆ, ಅದು ತಪ್ಪಿದರೆ ದಿನವೆಲ್ಲ ಕಾಯಬೇಕಾಗುತ್ತದೆ. ನೀವು ಏನೂ ಹೇಳದಿದ್ದರೆ ಅದು ಆರ್‌ಕೆ45 ತೆಗೆದುಕೊಳ್ಳುತ್ತದೆ, ಅಂದರೆ 1980ರ ಡಾರ್ಮಂಡ್–ಪ್ರಿನ್ಸ್ ಸೂತ್ರ. ಅಲೆಗೆ ಅದು ಚೆನ್ನ. ಶಾಖಕ್ಕೆ ಬೇಡ. 1ಡಿಯಲ್ಲಿ 100 ಸೆಲ್, ಉದ್ದ 1, ಶಾಖ ಹರಡುವ ಗುಣಾಂಕ 1 ಅಂತ ಇಟ್ಟುಕೊಂಡು ಸಮಯ 1ರ ತನಕ ಹೋಗಬೇಕಾದರೆ ಆರ್‌ಕೆ45ಗೆ ಸುಮಾರು 12 ಸಾವಿರ ಹೆಜ್ಜೆ ಬೇಕು. ಉತ್ತರ ನಯವಾಗಿ, ನಿಧಾನವಾಗಿ ಬದಲಾಗುತ್ತಿದ್ದರೂ ಸ್ಥಿರತೆಯ ಮಿತಿ ಅದನ್ನು ಹಿಡಿದಿಡುತ್ತದೆ. ಅದೇ ಲೆಕ್ಕವನ್ನು ಬಿಡಿಎಫ್ ಅಥವಾ ರಾಡೌ ಅನ್ನುವ ಇಂಪ್ಲಿಸಿಟ್ ವಿಧಾನಕ್ಕೆ (ಮುಂದಿನ ಬೆಲೆಗಳನ್ನೆಲ್ಲ ಒಟ್ಟಿಗೆ ಸಮೀಕರಣ ಬಿಡಿಸಿ ಪಡೆಯುವುದು) ಕೊಟ್ಟರೆ ಕೆಲವೇ ನೂರು ಹೆಜ್ಜೆಗಳ ಒಳಗೆ ಮುಗಿಯುತ್ತದೆ, ಒಂದೊಂದು ಹೆಜ್ಜೆ ಸ್ವಲ್ಪ ಭಾರ ಇದ್ದರೂ. ಶಾಖ ಇದ್ದಲ್ಲಿ ಇಂಪ್ಲಿಸಿಟ್, ಅಲೆ ಇದ್ದಲ್ಲಿ ಎಕ್ಸ್‌ಪ್ಲಿಸಿಟ್ ಅಂತ ನೆನಪಿಟ್ಟುಕೊಂಡರೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ.

ಕಷ್ಟ ಒಂದೇ ಕಡೆ ನಿಂತಿದ್ದರೆ: ಎಚ್

ಎಚ್ ಅಂದರೆ ಸೆಲ್‌ನ ಗಾತ್ರ. ಎಚ್ ವಿಧಾನದಲ್ಲಿ ಬೇಕಾದ ಕಡೆ ಸೆಲ್ ಒಡೆಯುತ್ತೇವೆ. ಪಿ ಅಂದರೆ ಒಂದು ಸೆಲ್ ಒಳಗೆ ಬಳಸುವ ಪಾಲಿನೋಮಿಯಲ್‌ನ ಡಿಗ್ರಿ, ಅದನ್ನು ಏರಿಸುವುದು ಪಿ ವಿಧಾನ. ಆರ್ ಅಂದರೆ ಮೆಶ್ ಒಳಗೆ ಇರುವ ಬಿಂದುಗಳನ್ನೇ ಅತ್ತಿತ್ತ ಸರಿಸುವುದು. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗ್ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕಬ್ಬು ದಟ್ಟವಾಗಿರುವ ಕಡೆ ಇನ್ನೂ ನಾಲ್ಕು ಆಳು ಕರೆಸಿದರೆ ಎಚ್. ಇರುವ ಆಳುಗಳನ್ನೇ ಆ ಕಡೆ ಸರಿಸಿದರೆ ಆರ್. ಆಳು ಅಷ್ಟೇ ಇದ್ದು, ಕೈ ಪಳಗಿದವರನ್ನು ಹಾಕಿದರೆ ಪಿ.

ಈಗ ಒಂದು ಬ್ರಾಕೆಟ್ ತೆಗೆದುಕೊಳ್ಳಿ, ಎಲ್ ಆಕಾರದ್ದು. ಒಳಮೂಲೆಯಲ್ಲಿ ಉತ್ತರ ಚೂಪಾಗುತ್ತದೆ. ಬೇರೆ ಎಲ್ಲಾ ಕಡೆ ನಯ. ಈ ಎಲ್ ಆಕಾರದ ಲೆಕ್ಕ ಅಡಾಪ್ಟಿವ್ ಕಲಿಯುವ ಎಲ್ಲರೂ ಮಾಡಲೇಬೇಕಾದ ಮೊದಲ ಪಾಠ. ಏಕೆಂದರೆ ಲಾಭ ಎಷ್ಟು ಅನ್ನುವುದು ಕಾಗದದ ಮೇಲೇ ಗೊತ್ತಾಗುತ್ತದೆ. ಸರಳ ರೇಖೀಯ ಎಲಿಮೆಂಟ್ (ಒಳಗೆ ಉತ್ತರವನ್ನು ನೇರ ಗೆರೆಯಾಗಿ ಹಿಡಿಯುವ ಸೆಲ್) ಬಳಸಿ ಎಲ್ಲಾ ಕಡೆ ಸಮನಾಗಿ ಸಣ್ಣ ಮಾಡುತ್ತಾ ಹೋದರೆ, ಶಕ್ತಿಯ ಅಳತೆಯಲ್ಲಿ ತಪ್ಪು 10 ಪಟ್ಟು ಇಳಿಯಲು ಬಿಂದುಗಳು 1000 ಪಟ್ಟು ಏರಬೇಕು. ಅಡಾಪ್ಟಿವ್ ಆಗಿ ಮೂಲೆಯ ಹತ್ತಿರ ಮಾತ್ರ ಸಣ್ಣ ಮಾಡಿದರೆ 100 ಪಟ್ಟು ಸಾಕು. ಇನ್ನೊಂದು 10 ಪಟ್ಟು ಬೇಕೆಂದರೆ ಒಂದು ಕಡೆ ಒಟ್ಟು 10 ಲಕ್ಷ ಪಟ್ಟು, ಇನ್ನೊಂದು ಕಡೆ 10 ಸಾವಿರ ಪಟ್ಟು. ಹಟ ಹಿಡಿದು ಸಮನಾದ ಮೆಶ್ ಸಣ್ಣ ಮಾಡುತ್ತಾ ಕೂತವರಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಬಳಿ ಇಲ್ಲ.

ಎಲ್ಲಿ ಒಡೆಯಬೇಕು ಅಂತ ಹೇಗೆ ತಿಳಿಯುತ್ತದೆ? ನಿಜವಾದ ಉತ್ತರ ಕೈಯಲ್ಲಿಲ್ಲ, ಆದರೂ ಬಂದ ಉತ್ತರ ನೋಡಿಯೇ ತಪ್ಪನ್ನು ಅಂದಾಜು ಮಾಡಬಹುದು. ಈ ದಾರಿಯನ್ನು ಗಟ್ಟಿ ಮಾಡಿದವರು ಬಾಬುಷ್ಕಾ ಮತ್ತು ರೈನ್‌ಬೋಲ್ಟ್, 1978ರಲ್ಲಿ. ಇವತ್ತು ಆಯ್ಕೆಗಳು ನಾಲ್ಕೈದು ಇವೆ, ಇವುಗಳಲ್ಲಿ ಯಾವುದು ಅನ್ನುವುದು ಲೈಬ್ರರಿಯ ಆಯ್ಕೆಗಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಅಗ್ಗದ್ದು ಅಂದರೆ ಗ್ರೇಡಿಯೆಂಟ್ ನೋಡುವುದು. ಎಲ್ಲಿ ಇಳಿಜಾರು ಕಡಿದಾಗಿದೆಯೋ ಅಲ್ಲಿ ಒಡೆ. ಎರಡು ಸಾಲಿನ ಕೋಡ್. ಆದರೆ ಇಳಿಜಾರು ತಪ್ಪಲ್ಲ. ನೇರ ಇಳಿಜಾರನ್ನು ರೇಖೀಯ ಎಲಿಮೆಂಟ್ ಒಂದು ಚೂರೂ ತಪ್ಪಿಲ್ಲದೆ ಹಿಡಿಯುತ್ತದೆ, ಅಲ್ಲಿ ಒಡೆದರೆ ದುಡ್ಡು ದಂಡ. ಇನ್ನೊಂದು ತೊಂದರೆ ಇದೆ. ಷಾಕ್, ಅಂದರೆ ಉತ್ತರ ಒಮ್ಮೆಲೇ ಜಿಗಿಯುವ ಜಾಗ ಇದ್ದಲ್ಲಿ, ಸೆಲ್ ಸಣ್ಣ ಮಾಡಿದಷ್ಟೂ ಇಳಿಜಾರು ಇನ್ನೂ ಕಡಿದಾಗಿ ಕಾಣುತ್ತದೆ, ಹಾಗಾಗಿ ಅದು ಒಡೆಯುತ್ತಲೇ ಇರುತ್ತದೆ. ಇಷ್ಟು ಹಂತಕ್ಕಿಂತ ಕೆಳಗೆ ಹೋಗಬೇಡ ಅಂತ ಮಿತಿ ಹಾಕದಿದ್ದರೆ ಮೆಮೊರಿ ತುಂಬಿ ನಿಂತುಬಿಡುತ್ತದೆ.

ಸೆಲ್‌ನಿಂದ ಸೆಲ್‌ಗೆ ಇಳಿಜಾರು ಎಷ್ಟು ಜಿಗಿಯುತ್ತದೆ ಅಂತ ನೋಡುವ ಕೆಲ್ಲಿ ಅಂದಾಜು ಇದಕ್ಕಿಂತ ಎಷ್ಟೋ ಮೇಲು. 1983ರದ್ದು. ಶಾಖ ಮತ್ತು ಅಂಥ ಸಮೀಕರಣಗಳಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಸ್ಟ್ರೆಸ್ (ವಸ್ತುವಿನ ಒಳಗಿನ ಒತ್ತಡ) ಲೆಕ್ಕ ಮಾಡುವವರಿಗೆ ಸಿಂಕಿವಿಚ್ ಮತ್ತು ಝು ಅವರ 1987ರ ವಿಧಾನ ಹಿಡಿಸುತ್ತದೆ. ಒರಟಾಗಿ ಬಂದ ಸ್ಟ್ರೆಸ್ ಅನ್ನು ನಯ ಮಾಡಿ, ನಯ ಮಾಡಿದ್ದಕ್ಕೂ ಒರಟಿಗೂ ಎಷ್ಟು ವ್ಯತ್ಯಾಸ ಇದೆಯೋ ಅದನ್ನೇ ತಪ್ಪು ಅಂತ ತಗೊಳ್ಳುವುದು. ಸರಳ, ಮತ್ತು ಆಶ್ಚರ್ಯ ಅನ್ನಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಕೊನೆಯದು ಗುರಿ ಇಟ್ಟುಕೊಂಡು ಒಡೆಯುವುದು, ಬೆಕರ್ ಮತ್ತು ರನ್ನಾಕರ್ ಬೆಳೆಸಿದ್ದು. ನಿಮಗೆ ಇಡೀ ಉತ್ತರ ಬೇಡ, ಒಂದೇ ಸಂಖ್ಯೆ ಬೇಕು, ಉದಾಹರಣೆಗೆ ಆ ದಪ್ಪ ಜಾಗದ ತಾಪಮಾನ ಮಾತ್ರ. ಆಗ ಆ ಸಂಖ್ಯೆಗೆ ಯಾವ ಸೆಲ್‌ನ ತಪ್ಪು ಎಷ್ಟು ತಟ್ಟುತ್ತದೆ ಅಂತ ಇನ್ನೊಂದು ಜೋಡಿ ಸಮೀಕರಣ ಬಿಡಿಸಿ ತಿಳಿಯಬೇಕು. ಸ್ಥಿರ ಲೆಕ್ಕಕ್ಕೆ ಇದು ಚಿನ್ನ. ಸಮಯ ಓಡುವ ಲೆಕ್ಕದಲ್ಲಿ ಆ ಜೋಡಿ ಸಮೀಕರಣ ಹಿಂದಕ್ಕೆ ಓಡುತ್ತದೆ, ಹಳೆಯ ಉತ್ತರವೆಲ್ಲ ಸಂಗ್ರಹಿಸಿಡಬೇಕು. ಎಂಟೆಕ್ ಪ್ರಾಜೆಕ್ಟಿಗೆ ಹೊರೆ ಜಾಸ್ತಿ, ಪಿಎಚ್‌ಡಿಗೆ ಸರಿ.

ಎಷ್ಟು ಸೆಲ್ ಒಡೆಯಬೇಕು ಅನ್ನುವುದಕ್ಕೆ ಡೀಲ್ ಟೂ ಲೈಬ್ರರಿಯ ಟ್ಯುಟೋರಿಯಲ್‌ನಲ್ಲಿ ಬರುವ ಲೆಕ್ಕದಿಂದ ಶುರು ಮಾಡಿ. ತಪ್ಪು ಜಾಸ್ತಿ ಇರುವ ಶೇ. 30 ಸೆಲ್ ಒಡೆ, ತೀರಾ ಕಡಿಮೆ ಇರುವ ಶೇ. 3 ಸೇರಿಸು. 2ಡಿಯಲ್ಲಿ ಒಂದು ಸೆಲ್ ನಾಲ್ಕಾಗುತ್ತದೆ, ಹಾಗಾಗಿ ಪ್ರತಿ ಸುತ್ತಿಗೆ ಒಟ್ಟು ಸೆಲ್ ಸುಮಾರು ಎರಡು ಪಟ್ಟು ಆಗುತ್ತದೆ. ಆರೇಳು ಸುತ್ತು ಸಾಕು.

ಚೌಕದ ಮೆಶ್‌ನಲ್ಲಿ ದೊಡ್ಡ ಸೆಲ್ ಪಕ್ಕ ಸಣ್ಣ ಸೆಲ್ ಬಂದಾಗ ಅಂಚಿನ ನಡುವೆ ಒಂದು ಬಿಂದು ಒಂಟಿಯಾಗಿ ನಿಲ್ಲುತ್ತದೆ, ಅದೇ ಹ್ಯಾಂಗಿಂಗ್ ನೋಡ್. ಅದರ ಬೆಲೆಯನ್ನು ಅಕ್ಕಪಕ್ಕದವುಗಳಿಂದಲೇ ಕಟ್ಟಿಹಾಕಬೇಕು. ಪಕ್ಕದ ಸೆಲ್‌ಗಳ ನಡುವೆ ಒಂದು ಹಂತಕ್ಕಿಂತ ಜಾಸ್ತಿ ವ್ಯತ್ಯಾಸ ಬಿಡಬಾರದು. ತ್ರಿಕೋನದ ಮೆಶ್‌ನಲ್ಲಿ ಈ ತಲೆನೋವು ಇಲ್ಲ, ತ್ರಿಕೋನವನ್ನು ಇಬ್ಭಾಗ ಮಾಡುತ್ತಾ ಹೊಂದಿಸಿಕೊಂಡು ಹೋಗಬಹುದು.

ಬ್ರಾಕೆಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಚೂಪು ಒಳಮೂಲೆಯಲ್ಲಿ ಸ್ಟ್ರೆಸ್‌ಗೆ ಮೇಲ್ಮಿತಿಯೇ ಇಲ್ಲ, ಸಮೀಕರಣ ಹಾಗೇ ಹೇಳುತ್ತದೆ. ಅಡಾಪ್ಟಿವ್ ಓಡಿಸಿದರೆ ಪ್ರತಿ ಸುತ್ತಿಗೆ ಗರಿಷ್ಠ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಹುಡುಗರು ಗಾಬರಿಯಾಗುತ್ತಾರೆ. ಪ್ಯಾಟರ್ನ್ (ಎರಕದ ಅಚ್ಚು ತೆಗೆಯುವ ಮಾದರಿ) ಮಾಡುವವರು ಮೂಲೆಗೆ ಫಿಲೆಟ್, ಅಂದರೆ ದುಂಡನೆಯ ತಿರುವು, ಕೊಟ್ಟೇ ಕೊಡುತ್ತಾರೆ. ನಿಮ್ಮ ಮಾಡೆಲ್‌ನಲ್ಲೂ ಆ ಫಿಲೆಟ್ ಹಾಕಿ, ಆಮೇಲೆ ಸಂಖ್ಯೆ ನಿಲ್ಲುತ್ತದೆ.

ಕಷ್ಟ ಓಡುತ್ತಿದ್ದರೆ: ಎಎಂಆರ್

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, 26 ಗೇಟು. ಅಭ್ಯಾಸಕ್ಕೆ ಒಂದು ಊಹೆ ಮಾಡೋಣ, ಒಮ್ಮೆಲೇ ದೊಡ್ಡ ಹರಿವು ಬಿಟ್ಟಾಗ ಕೆಳಗೆ ನಾರಾಯಣಪುರದ ಬಸವಸಾಗರ ಜಲಾಶಯದ ಕಡೆ ಅಲೆಯ ಮುಂಭಾಗ ಹೇಗೆ ಓಡುತ್ತದೆ? ಇದು ಶ್ಯಾಲೋ ವಾಟರ್ ಸಮೀಕರಣದ (ಹರಡಿಗೆ ಹೋಲಿಸಿದರೆ ಆಳ ಕಡಿಮೆ ಇರುವ ನೀರಿನದು) ಕೆಲಸ. ಅಲೆಯ ಮುಂಭಾಗ ಕಡಿದಾಗಿರುತ್ತದೆ, ಅದು ಓಡುತ್ತದೆ, ಹಿಂದೆ ಮುಂದೆ ಎಲ್ಲ ಶಾಂತ.

ಇಂಥದ್ದಕ್ಕೇ ಮಾರ್ಷಾ ಬರ್ಗರ್ ಮತ್ತು ಜೋಸೆಫ್ ಓಲಿಗರ್ 1984ರಲ್ಲಿ ಬ್ಲಾಕ್ ಮಾದರಿಯ ಎಎಂಆರ್, ಅಂದರೆ ಅಡಾಪ್ಟಿವ್ ಮೆಶ್ ರಿಫೈನ್‌ಮೆಂಟ್, ಕೊಟ್ಟರು. ಕಷ್ಟದ ಸೆಲ್‌ಗಳಿಗೆ ಗುರುತು ಹಾಕಿ, ಅವನ್ನು ಮುಚ್ಚುವ ಆಯತದ ತೇಪೆಗಳನ್ನು ದೊಡ್ಡ ಗ್ರಿಡ್ ಮೇಲೆ ಹೊಲಿದ ಹಾಗೆ ಕೂರಿಸುವುದು. ಪ್ರತಿ ತೇಪೆಗೂ ತನ್ನದೇ ಸಮಯದ ಹೆಜ್ಜೆ. 9.6 ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್ ಓಡುತ್ತದೆ. 200 ಮೀಟರ್ ಸೆಲ್‌ಗೆ 20 ಸೆಕೆಂಡಿನ ಒಳಗಿನ ಹೆಜ್ಜೆ ಸಾಕು, 50 ಮೀಟರಿಗೆ 5, 10 ಮೀಟರಿಗೆ 1. ತೇಪೆಗೊಂದು ಹೆಜ್ಜೆ ಇರುವುದರಿಂದ ದೊಡ್ಡ ಸೆಲ್‌ಗಳು ಸಣ್ಣವುಗಳಿಗಾಗಿ ನಡಿಗೆ ನಿಧಾನ ಮಾಡಬೇಕಿಲ್ಲ. 60 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಆಯತಕ್ಕೆ ಎಲ್ಲಾ ಕಡೆ 10 ಮೀಟರ್ ಅಂದರೆ 1.2 ಕೋಟಿ ಸೆಲ್, 200 ಮೀಟರ್ ಅಂದರೆ 30 ಸಾವಿರ. ನಿಮ್ಮ ಲೆಕ್ಕ ಇವೆರಡರ ನಡುವೆ, ಕೆಳಗಿನದಕ್ಕೆ ಹತ್ತಿರ ಇರುತ್ತದೆ.

ತೇಪೆಯ ಅಂಚಿನಲ್ಲಿ ಒಂದು ಕಳ್ಳದಾರಿ ಇದೆ. ದೊಡ್ಡ ಸೆಲ್ ಲೆಕ್ಕದಲ್ಲಿ ಹೊರಗೆ ಹೋದ ನೀರು, ಸಣ್ಣ ಸೆಲ್ ಲೆಕ್ಕದಲ್ಲಿ ಒಳಗೆ ಬಂದ ನೀರು ಎರಡೂ ಸಮ ಇರುವುದಿಲ್ಲ. ನೀರು ಸದ್ದಿಲ್ಲದೆ ಮಾಯವಾಗುತ್ತದೆ, ಇಲ್ಲವೇ ಹುಟ್ಟಿಕೊಳ್ಳುತ್ತದೆ. ಇದನ್ನು ಸರಿದೂಗಿಸುವ ಹೆಜ್ಜೆ ಬರ್ಗರ್ ಮತ್ತು ಕೊಲೆಲ್ಲಾ ಅವರ 1989ರ ಕೆಲಸದಲ್ಲಿದೆ. ನೀವೇ ಕೋಡ್ ಬರೆಯುವುದಾದರೆ ಇದನ್ನು ಬಿಡಬೇಡಿ.

ಜಲಾಶಯದ ನಿಂತ ನೀರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇದನ್ನು ಹತ್ತಿರದಿಂದ ನೋಡಿ. ಒಂದು ದೊಡ್ಡ ಸೆಲ್, ತಳದ ಮಟ್ಟ ಸರಾಸರಿ 510 ಮೀಟರ್, ನೀರಿನ ಮೇಲ್ಮೈ 519.60, ಆಳ 9.6. ಅದನ್ನು ನಾಲ್ಕು ಮಾಡಿದಾಗ ತಳ ಬೇರೆ ಬೇರೆ ಬರುತ್ತದೆ, 506, 509, 511, 514 ಅಂದುಕೊಳ್ಳಿ. ನಾಲ್ಕಕ್ಕೂ ಆಳ 9.6 ಅಂತಲೇ ನಕಲು ಮಾಡಿದರೆ ಮೇಲ್ಮೈ 515.6, 518.6, 520.6, 523.6 ಆಗುತ್ತದೆ. ನಿಂತ ನೀರಿನಲ್ಲಿ 8 ಮೀಟರ್ ಎತ್ತರದ ಗುಡ್ಡ ಎದ್ದಿತು! ಮುಂದಿನ ಹೆಜ್ಜೆಗೆ ಅದು ಕುಸಿದು ಎಲ್ಲಾ ಕಡೆ ಸುಳ್ಳು ಅಲೆ. ಸರಿಯಾದ ದಾರಿ ಅಂದರೆ ಮೇಲ್ಮೈಯನ್ನು ನಕಲು ಮಾಡಬೇಕು. ಆಗ ಆಳ 13.6, 10.6, 8.6, 5.6. ಕೂಡಿ ನಾಲ್ಕರಿಂದ ಭಾಗಿಸಿ, ಮತ್ತೆ 9.6. ನೀರೂ ಅಷ್ಟೇ ಉಳಿಯಿತು, ಕೆರೆಯೂ ಶಾಂತವಾಗಿ ಉಳಿಯಿತು. ಜಿಯೋಕ್ಲಾ ಪ್ಯಾಕೇಜ್ ಇದನ್ನು ತಾನೇ ನೋಡಿಕೊಳ್ಳುತ್ತದೆ, ದಡದ ಒದ್ದೆ–ಒಣ ಗಡಿಯನ್ನೂ ಸಂಭಾಳಿಸುತ್ತದೆ. ಸುನಾಮಿಗಾಗಿ ಕಟ್ಟಿದ್ದು, ಫ್ರಾನ್ಸಿನಲ್ಲಿ 1959ರಲ್ಲಿ ಒಡೆದ ಮಾಲ್ಪಸೆ ಅಣೆಕಟ್ಟಿನ ಲೆಕ್ಕದ ಮೇಲೂ ಅದನ್ನು ಪರೀಕ್ಷಿಸಿದ್ದಾರೆ. ನದಿ, ಅಣೆಕಟ್ಟು ಅಂತ ಬಂದವರಿಗೆ ನನ್ನ ಮೊದಲ ಸಲಹೆ ಇದೇ.

ಬ್ಲಾಕ್ ಬದಲು ಮರದ ಮಾದರಿಯೂ ಇದೆ. ಒಂದು ಸೆಲ್ ನಾಲ್ಕಾಗಿ, ಅದರಲ್ಲಿ ಒಂದು ಮತ್ತೆ ನಾಲ್ಕಾಗಿ ಟಿಸಿಲೊಡೆಯುತ್ತಾ ಹೋಗುವುದು, ಬೆಸಿಲಿಸ್ಕ್ ಅನ್ನುವ ಪ್ರೋಗ್ರಾಮ್ ಮಾಡುವ ಹಾಗೆ. ಬೇಕಾದಲ್ಲಿ ಮಾತ್ರ ಒಡೆಯುತ್ತದೆ, ದಂಡವಾಗುವ ಸೆಲ್ ತೀರಾ ಕಡಿಮೆ. ಆಯತದ ತೇಪೆಯಲ್ಲಿ ಬೇಡದ ಸೆಲ್‌ಗಳೂ ಸೇರಿಕೊಳ್ಳುತ್ತವೆ. ಆದರೆ ಆ ತೇಪೆ ಒಂದು ಮಾಮೂಲಿ ಅರೇ, ನೀವು ಮೊದಲೇ ಬರೆದಿಟ್ಟ ಸಾಲ್ವರ್ ಹಾಗೇ ಓಡುತ್ತದೆ, ಜಿಪಿಯುಗೂ ಹೊಂದುತ್ತದೆ. ಹಳೆಯ ಕೋಡ್ ಇದ್ದರೆ ಬ್ಲಾಕ್, ಹೊಸದಾಗಿ ಶುರು ಮಾಡುವುದಾದರೆ ಮರ.

2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಬಂದಂಥ, ದಿನಗಟ್ಟಲೆ ನಿಂತ ಪ್ರವಾಹಕ್ಕೆ ಇದೇ ಎಎಂಆರ್ ಹೇಳುತ್ತೀರಾ ಅಂತ ಕೇಳಿದರೆ, ಇಲ್ಲ. ಅಲ್ಲಿ ಓಡುವ ಮುಂಭಾಗ ಬೇಗ ಮುಗಿದುಹೋಗುತ್ತದೆ. ಆಮೇಲೆ ಬೇಕಾದ್ದು ನದಿಯ ಪಾತ್ರ, ಸೇತುವೆ, ದಡದ ಊರುಗಳ ಸುತ್ತ ಸಣ್ಣ ಮೆಶ್. ಆ ಜಾಗಗಳು ನಮಗೆ ಮೊದಲೇ ಗೊತ್ತು, ಅವು ಓಡುವುದಿಲ್ಲ. ಕೈಯಿಂದಲೇ ಒಮ್ಮೆ ಚೆನ್ನಾಗಿ ಮೆಶ್ ಹಾಕಿ ಅದರ ಮೇಲೆ ದಿನಗಟ್ಟಲೆ ಓಡಿಸಿ.

ಕಷ್ಟ ಎಲ್ಲಾ ಕಡೆ ಇದ್ದರೆ: ಪಿ

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ನಿಂತು ಚಿಟಿಕೆ ಹೊಡೆದವರಿಗೆ ಗೊತ್ತು, ಸದ್ದು ಗೋಡೆ ಹಿಡಿದು ಸುತ್ತಿ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ. ಒಳವ್ಯಾಸ ಸುಮಾರು 38 ಮೀಟರ್. 2000 ಹರ್ಟ್ಸ್‌ನ ಸದ್ದಿನ ಅಲೆಯುದ್ದ ಸುಮಾರು 17 ಸೆಂಟಿಮೀಟರ್. ಗುಮ್ಮಟವನ್ನು ಅರ್ಧಗೋಳ ಅಂತ ಇಟ್ಟುಕೊಂಡು, ಕೆಳಗಿನ ಹಾಲ್ ಬಿಟ್ಟು, ಒಂದು ಅಲೆಗೆ 10 ಬಿಂದುವಿನ ಹಾಗೆ ಹಾಕಿದರೆ ಸುಮಾರು 290 ಕೋಟಿ ಬಿಂದು. ಎರಡನೇ ದರ್ಜೆಯ ಮೆಥಡ್‌ಗೆ 10 ಕೂಡ ಸಾಲದು, ಅಲೆ ದೂರ ಹೋದಷ್ಟೂ ಅದರ ವೇಗದಲ್ಲಿನ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ, ಮೂರನೇ ಸುತ್ತಿಗೆ ಪ್ರತಿಧ್ವನಿ ತಪ್ಪು ಹೊತ್ತಿಗೆ ಬರುತ್ತದೆ.

ಇಲ್ಲಿ ಎಎಂಆರ್ ಹಾಕಿದವರನ್ನು ನೋಡಿದ್ದೇನೆ. ಮೊದಲ ಕೆಲವು ಕ್ಷಣ ಚೆನ್ನಾಗಿರುತ್ತದೆ, ಸದ್ದು ಇನ್ನೂ ಚಿಕ್ಕ ಜಾಗದಲ್ಲಿದೆ. ನಾಲ್ಕು ಸಲ ಗೋಡೆಗೆ ಬಡಿದ ಮೇಲೆ ಗುಮ್ಮಟದ ತುಂಬಾ ಅಲೆ. ಪ್ರೋಗ್ರಾಮ್ ಎಲ್ಲಾ ಸೆಲ್ ಒಡೆಯುತ್ತದೆ, ಒಡೆಯುವ ಖರ್ಚೂ ಮೇಲೆ ಬೀಳುತ್ತದೆ.

ಉತ್ತರ ನಯವಾಗಿದ್ದು ಎಲ್ಲಾ ಕಡೆ ಹರಡಿದಾಗ ಡಿಗ್ರಿ ಏರಿಸುವುದೇ ದಾರಿ. ಒಂದು ಅಲೆಗೆ 4 ಬಿಂದುವಿನ ಆಸುಪಾಸಿನಲ್ಲಿ ಕೆಲಸ ಆದರೆ ಅದೇ ಗುಮ್ಮಟಕ್ಕೆ 19 ಕೋಟಿ ಸಾಕು, 15 ಪಟ್ಟಿಗಿಂತ ಜಾಸ್ತಿ ಉಳಿತಾಯ. ನಯವಾದ ಕಡೆ ಪಿ, ಚೂಪಾದ ಕಡೆ ಎಚ್ ಅಂತ ಎರಡನ್ನೂ ಬೆರೆಸಿದರೆ ಎಚ್‌ಪಿ. ಎಲ್ ಆಕಾರದ ಮೂಲೆಯಲ್ಲಿ ಅದರ ವೇಗಕ್ಕೆ ಸಾಟಿ ಇಲ್ಲ, ತಪ್ಪು ಎಕ್ಸ್‌ಪೊನೆನ್ಷಿಯಲ್ ಆಗಿ ಇಳಿಯುತ್ತದೆ. ಆದರೆ ಯಾವ ಸೆಲ್‌ನಲ್ಲಿ ಉತ್ತರ ನಯ, ಯಾವುದರಲ್ಲಿ ಚೂಪು ಅಂತ ಪ್ರೋಗ್ರಾಮಿಗೆ ಹೇಳಿಕೊಡುವುದು ಸುಲಭ ಅಲ್ಲ. ಸಮಯ ಇರುವವರು ಮಾಡಿ. ಷಾಕ್ ಇದ್ದಲ್ಲಿ ಮಾತ್ರ ಪಿ ಬೇಡವೇ ಬೇಡ, ಅಕ್ಕಪಕ್ಕ ಸುಳ್ಳು ಅಲೆಗಳು ಏಳುತ್ತವೆ.

ಆರ್ ಬಗ್ಗೆ ಚಿಕ್ಕದಾಗಿ

ಬಿಂದುಗಳ ಸಂಖ್ಯೆ ಬದಲಾಗುವುದಿಲ್ಲ, ಜಾಗ ಬದಲಾಗುತ್ತದೆ. ಪ್ರತಿ ಸೆಲ್‌ಗೂ ತಪ್ಪಿನ ಪಾಲು ಸಮ ಬರುವ ಹಾಗೆ ಸರಿಸಬೇಕು. 1ಡಿಯಲ್ಲಿ ಇದು ನೋಡಲು ಚೆಂದ, ಕೋಡ್ ಚಿಕ್ಕದು, ಬರ್ಗರ್ಸ್ ಅನ್ನುವ ಸರಳ ಅಲೆ ಸಮೀಕರಣದ ಷಾಕ್ ಅನ್ನು 40 ಬಿಂದುವಿನಲ್ಲಿ ಹಿಡಿಯಬಹುದು. ಕಲಿಯಲು ಬರೆಯಲೇಬೇಕು. 2ಡಿ, 3ಡಿಯಲ್ಲಿ ಸೆಲ್‌ಗಳು ತಿರುಚಿಕೊಂಡು ಒಂದರ ಮೇಲೊಂದು ಬೀಳುವ ಅಪಾಯ ಇದೆ. ಎರಡು ಕಡೆ ಕಷ್ಟ ಹುಟ್ಟಿಕೊಂಡರೆ ಇರುವಷ್ಟು ಬಿಂದುಗಳೇ ಹಂಚಿಹೋಗುತ್ತವೆ. ಒಂದೇ ಗಡಿ, ಅದರ ಆಕಾರ ಸರಳ, ಮೆಮೊರಿ ಕಡಿಮೆ ಅನ್ನುವಾಗ ಮಾತ್ರ ನಾನು ಆರ್ ಹೇಳುತ್ತೇನೆ.

ಹಾಗಾದರೆ ಕಾಸ್ಟಿಂಗ್‌ಗೆ?

ಕಾಸ್ಟಿಂಗ್‌ನಲ್ಲಿ ಎರಡೂ ತರಹದ ಕಷ್ಟ ಇದೆ. ಮರಳಿನ ಮೋಲ್ಡ್‌ಗೂ ಲೋಹಕ್ಕೂ ನಡುವಿನ ಗೋಡೆಯಲ್ಲಿ ತಾಪಮಾನ ಕಡಿದಾಗಿ ಇಳಿಯುತ್ತದೆ, ಆ ಜಾಗ ಓಡುವುದಿಲ್ಲ. ಗ್ರೇ ಐರನ್ ಸುಮಾರು 1150 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಆ ಗಡಿ ಮಾತ್ರ ಗೋಡೆಯಿಂದ ಒಳಗೆ ನಿಧಾನಕ್ಕೆ ನಡೆಯುತ್ತದೆ, ಕೊನೆಗೆ ದಪ್ಪ ಜಾಗದಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ನನ್ನ ಆಯ್ಕೆ ಮರದ ಮಾದರಿಯ ಎಚ್, ಇಂಪ್ಲಿಸಿಟ್ ಸಮಯ, ಕೆಲ್ಲಿ ಅಂದಾಜು. ಗಡಿ ದಾಟಿದ ಕಡೆ ಸೆಲ್‌ಗಳನ್ನು ಮತ್ತೆ ಸೇರಿಸುವುದು ಇಲ್ಲಿ ಒಡೆಯುವಷ್ಟೇ ಮುಖ್ಯ. ಸೇರಿಸದೆ ಹೋದರೆ ಗಡಿ ನಡೆದ ದಾರಿಯೆಲ್ಲ ಸಣ್ಣ ಸೆಲ್ ಉಳಿದು, ಕೊನೆಗೆ ಸಮನಾದ ಸಣ್ಣ ಮೆಶ್‌ಗೇ ಬಂದು ನಿಲ್ಲುತ್ತೀರಿ.

ಒಡೆಯುವ ಮಿತಿ, ಸೇರಿಸುವ ಮಿತಿ ಎರಡರ ನಡುವೆ ಅಂತರ ಬಿಡಿ. ಹತ್ತಿರ ಹತ್ತಿರ ಇಟ್ಟರೆ ಒಂದೇ ಸೆಲ್ ಈ ಹೆಜ್ಜೆಗೆ ಒಡೆದು, ಮುಂದಿನ ಹೆಜ್ಜೆಗೆ ಸೇರಿ, ಮತ್ತೆ ಒಡೆಯುತ್ತಾ ಇರುತ್ತದೆ. ಪ್ರತಿ ಸಲ ಹಳೆಯ ಉತ್ತರವನ್ನು ಹೊಸ ಮೆಶ್‌ಗೆ ದಾಟಿಸುವಾಗ ಸ್ವಲ್ಪ ಶಾಖ ಸೋರಬಹುದು. ತಾಪಮಾನದ ಬದಲು ಎಂಥಾಲ್ಪಿ (ಲೋಹದಲ್ಲಿರುವ ಒಟ್ಟು ಶಾಖದ ಲೆಕ್ಕ) ದಾಟಿಸಿ, ದಾಟಿಸುವ ಮೊದಲು ಮತ್ತು ಆಮೇಲೆ ಒಟ್ಟು ಮೊತ್ತ ಪ್ರಿಂಟ್ ಮಾಡಿ ನೋಡಿ.

ನನಗೆ ತುಂಬಾ ಪಾಠ ಕಲಿಸಿದ ಒಂದು ಪೀಸ್ ಇದೆ. ಪಂಪ್‌ನ ಹೌಸಿಂಗ್, ಅದರ ಮೇಲೆ 4 ಮಿಲಿಮೀಟರ್ ದಪ್ಪದ ಪಕ್ಕೆಗಳು. ಶುರುವಿನ ಮೆಶ್ 20 ಮಿಲಿಮೀಟರ್ ಇಟ್ಟೆ, ಅಡಾಪ್ಟಿವ್ ಇದೆಯಲ್ಲ, ಬೇಕಾದಲ್ಲಿ ತಾನೇ ಒಡೆಯುತ್ತದೆ ಅಂದುಕೊಂಡೆ. ಆ ದೊಡ್ಡ ಸೆಲ್‌ನಲ್ಲಿ ಲೋಹದ ಪಾಲು ಕಡಿಮೆ ಅಂತ ಪಕ್ಕೆಗಳು ಮರಳು ಅಂತಲೇ ಎಣಿಕೆಯಾದವು. ಪಕ್ಕೆಯೇ ಇಲ್ಲದ ಮೇಲೆ ಅಲ್ಲಿ ಇಳಿಜಾರೂ ಇಲ್ಲ, ಜಿಗಿತವೂ ಇಲ್ಲ, ಒಡೆಯಲು ಕಾರಣವೂ ಇಲ್ಲ. ಉತ್ತರ ನಯವಾಗಿ ಬಂತು, ತಪ್ಪಿನ ಅಂದಾಜು ಕಡಿಮೆ ತೋರಿಸಿತು. ಫೌಂಡ್ರಿಯಲ್ಲಿ ಎರಕ ಹೊಯ್ದಾಗ ಪಕ್ಕೆಯ ಬುಡದಲ್ಲಿ ನಾವು ಹೇಳದ ಕಡೆ ತೂತು ಸಿಕ್ಕಿತು. ಅವತ್ತಿನಿಂದ ಶುರುವಿನ ಮೆಶ್‌ನಲ್ಲಿ ಅತಿ ತೆಳ್ಳಗಿನ ಜಾಗಕ್ಕೆ ಕಡಿಮೆ ಅಂದರೂ ಎರಡು ಸೆಲ್ ಬರುವ ಹಾಗೆ ನೋಡಿಕೊಂಡೇ ಮುಂದೆ ಹೋಗುತ್ತೇನೆ. ಕಣ್ಣಿಗೇ ಬೀಳದ್ದನ್ನು ಯಾವ ಅಂದಾಜೂ ಹಿಡಿಯಲಾರದು.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿ ಹೇಳಿದ ಜಿಯೋಕ್ಲಾ, ಬೆಸಿಲಿಸ್ಕ್, ಡೀಲ್ ಟೂ, ಜೊತೆಗೆ ಇನ್ನೂ ಹೇಳದ ಫ್ರೀಫೆಮ್, ಎಲ್ಲ ಉಚಿತ. ಮೊದಲ ವಾರಕ್ಕೆ ಫ್ರೀಫೆಮ್ ತಗೊಳ್ಳಿ, ಅಡಾಪ್ಟ್‌ಮೆಶ್ ಅನ್ನುವ ಒಂದೇ ಆಜ್ಞೆಯಲ್ಲಿ ತ್ರಿಕೋನದ ಮೆಶ್ ಹೊಸದಾಗಿ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಸಿ++ ಹೆದರಿಕೆ ಇಲ್ಲದವರಿಗೆ ಡೀಲ್ ಟೂ, ಅದರ ಟ್ಯುಟೋರಿಯಲ್‌ಗಳು ಒಳ್ಳೆಯ ಮೇಷ್ಟ್ರ ಹಾಗೆ. ಪೈಥಾನ್ ಮಾತ್ರ ಬರುತ್ತದೆ ಅನ್ನುವವರಿಗೆ ಫೆನಿಕ್ಸ್, ಒಡೆಯುವುದು ಸುಲಭ, ಆದರೆ ಒಡೆದದ್ದನ್ನು ಸೇರಿಸಲು ಅಲ್ಲಿ ದಾರಿ ನೇರ ಇಲ್ಲ, ಹಾಗಾಗಿ ಓಡುವ ಗಡಿಗೆ ಅಷ್ಟು ಒಗ್ಗುವುದಿಲ್ಲ.

ಯಾವುದನ್ನೇ ಹಿಡಿದರೂ 3ಡಿ ಕಾಸ್ಟಿಂಗ್‌ಗೆ ಹೋಗುವ ಮೊದಲು 1ಡಿಯಲ್ಲಿ ಸ್ಟೆಫನ್ ಲೆಕ್ಕ ಓಡಿಸಿ. ಒಂದು ಕಡೆ ತಣ್ಣನೆಯ ಗೋಡೆ, ಇನ್ನೊಂದು ಕಡೆ ಕೊನೆಯಿಲ್ಲದ ದ್ರವ. ಗಡಿ ಎಲ್ಲಿದೆ ಅನ್ನುವುದಕ್ಕೆ ಕಾಗದದ ಮೇಲೆ ಪಕ್ಕಾ ಉತ್ತರ ಇದೆ, ಅದು ಸಮಯದ ವರ್ಗಮೂಲದ ಹಾಗೆ ನಡೆಯುತ್ತದೆ. 10 ಸೆಕೆಂಡಿಗೆ ಗಡಿ ಎಲ್ಲಿತ್ತು ಅಂತ ಬರೆದಿಡಿ, 40 ಸೆಕೆಂಡಿಗೆ ಅದರ ಎರಡು ಪಟ್ಟು ದೂರದಲ್ಲಿ ಇರಬೇಕು. ಇದೇ ಮಾತನ್ನು ಖ್ವೊರಿನೋವ್ 1940ರಲ್ಲಿ ಫೌಂಡ್ರಿಯವರಿಗೆ ಸೂತ್ರ ಮಾಡಿಕೊಟ್ಟದ್ದು, ದಪ್ಪ ಎರಡು ಪಟ್ಟಾದರೆ ಆರುವ ಹೊತ್ತು ನಾಲ್ಕು ಪಟ್ಟು. ಉದ್ಯಮಬಾಗದ ಆ ಮೋಲ್ಡರ್‌ಗೆ ಅದನ್ನು ಹೇಳಿದಾಗ ಅವರು ತಲೆಯಾಡಿಸಿ, ರೈಸರ್ (ಆರುವಾಗ ಕುಗ್ಗುವ ಎರಕಕ್ಕೆ ದ್ರವ ಲೋಹ ಒದಗಿಸುವ ಹೆಚ್ಚುವರಿ ಭಾಗ) ಎಲ್ಲಿಡಬೇಕು ಅಂತ ಪ್ಯಾಟರ್ನ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿದರು. ನಮ್ಮ ಮೆಶ್ ಅತಿ ಸಣ್ಣದಾಗಿದ್ದೂ ಅದೇ ಜಾಗದಲ್ಲಿ.